ಕಾಲಿಗೆ ಬುದ್ಧಿ ಹೇಳಿದ ಪದ

ಫೋಬಿಯಾ ಎಂದರೆ ಕಾರಣವಿಲ್ಲದ ಭಯ; ಇಲ್ಲವೇ ಇರುವ ಕಾರಣಕ್ಕಿಂತ ಹತ್ತು ಪಾಲು ಮಿಗಿಲಾದ ಭಯ. ಜಿರಳೆ ಕಂಡರೆ ಕುರ್ಚಿ ಏರುವವರು, ಲಿಫ್ಟ್ ಬಿಟ್ಟು ಏಳು ಮಹಡಿ ಮೆಟ್ಟಿಲು ಹತ್ತುವವರು, ಸೂಜಿ ನೋಡಿದೊಡನೆ ಕುಸಿಯುವವರು, ಎಲ್ಲರಿಗೂ ಈ ಒಂದೇ ಹಣೆಪಟ್ಟಿ. ಪದ ಗ್ರೀಕಿನ 'ಫೋಬೊಸ್'ನಿಂದ ಬಂದದ್ದು. ಫೋಬೊಸ್ ಎಂದರೆ ಭಯ ಎಂದು ಬರೆದು ನಿಘಂಟುಗಳು ಮುಂದಕ್ಕೆ ಹೋಗುತ್ತವೆ. ತಪ್ಪೇನಲ್ಲ, ಆದರೆ ಅದು ಅರ್ಧ ಕಥೆ. ಗ್ರೀಕಿನ ಅತ್ಯಂತ ಹಳೆಯ ಕಾವ್ಯವಾದ ಹೋಮರನ ಇಲಿಯಡ್‌ನಲ್ಲಿ ಫೋಬೊಸ್ ಎದೆಯೊಳಗೆ ನಡೆಯುವುದಲ್ಲ, ರಣರಂಗದಲ್ಲಿ ನಡೆಯುವುದು: ಸೈನ್ಯ ಬೆನ್ನು ತಿರುಗಿಸಿ ಚೆಲ್ಲಾಪಿಲ್ಲಿಯಾಗಿ ಓಡುವುದು. 'ಫೆಬೊಮಾಯ್' ಎಂಬ ಕ್ರಿಯಾಪದದ ಬಳಗಕ್ಕೆ ಸೇರಿದ ನಾಮಪದ ಅದು, ಆ ಕ್ರಿಯಾಪದಕ್ಕೆ ಪಲಾಯನ ಮಾಡು ಎಂದರ್ಥ. ಕನ್ನಡದಲ್ಲಿ 'ಕಾಲಿಗೆ ಬುದ್ಧಿ ಹೇಳಿದ' ಎಂದರೆ ಏನು ಹೊಳೆಯುತ್ತದೋ, ಹೋಮರನ ಕೇಳುಗರಿಗೆ ಫೋಬೊಸ್ ಎಂದಾಗ ಹೆಚ್ಚುಕಡಿಮೆ ಅದೇ ಹೊಳೆಯುತ್ತಿತ್ತು. ಬರಿಯ ಅಂಜಿಕೆಗೆ ಆ ಕಾವ್ಯದಲ್ಲಿ ಬೇರೆಯೇ ಪದವಿದೆ, 'ದೆಯೊಸ್'. ಈ ವ್ಯತ್ಯಾಸವನ್ನು ಕ್ರಿಸ್ತಪೂರ್ವ 2ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಮಹಾವಿದ್ವಾಂಸ ಅರಿಸ್ಟಾರ್ಕಸ್ ಗುರುತಿಸಿದ್ದ.

ಓಟದ ಅರ್ಥ ಆ ಧಾತುವಿನ ಬೇರೆ ಕವಲುಗಳಲ್ಲಿ ಇವತ್ತಿಗೂ ಉಳಿದಿದೆ. ಲಿಥುವೇನಿಯನ್ ಭಾಷೆಯಲ್ಲಿ ಓಡು ಎನ್ನಲು 'ಬೇಗ್ತಿ', ರಷ್ಯನ್‌ನಲ್ಲಿ 'ಬೆಗಾತ್'. ಇವೆಲ್ಲ ಫೋಬೊಸ್‌ನ ದಾಯಾದಿಗಳು. ಕನ್ನಡಿಗರ ಕಿವಿಗೆ ಫೋಬಿಯಾಕ್ಕೂ 'ಭಯ'ಕ್ಕೂ ನಂಟಿರಬೇಕು ಅನ್ನಿಸುವುದು ಸಹಜ. ಎರಡರ ಅರ್ಥವೂ ಒಂದೇ, ಸದ್ದೂ ಹತ್ತಿರ. ಆದರೆ ಇದು ಕಾಕತಾಳೀಯ. ಭಯ, ಭೀತಿ, ಭೀರು, ಭೀಷಣ ಇವೆಲ್ಲ ಸಂಸ್ಕೃತದ 'ಭೀ' ಧಾತುವಿನವು, ಮೊದಲಿನಿಂದಲೂ ಅಂಜುವುದನ್ನೇ ಹೇಳುತ್ತ ಬಂದವು. ಕನ್ನಡದ ಸ್ವಂತ ಪದಗಳಾದ ಅಂಜು, ಅಳುಕು, ಹೆದರು, ಬೆಚ್ಚುಗಳ ಕುಲವೇ ಬೇರೆ.

ಹೋಮರನ ನಂತರದ ಶತಮಾನಗಳಲ್ಲಿ ಓಟದ ಅರ್ಥ ಹಿಂದೆ ಸರಿದು, ಓಡಿಸುವ ಭಾವನೆಯ ಅರ್ಥ ಮುಂದೆ ಬಂತು. ಅಥೆನ್ಸಿನ ನಾಟಕಕಾರರ ಹೊತ್ತಿಗೆ ಫೋಬೊಸ್ ಎಂದರೆ ಭಯವೇ. ಆದರೂ ಗ್ರೀಕರಿಗೆ ಅದು ಬರಿಯ ಭಾವನೆಯಾಗಿರಲಿಲ್ಲ, ದೇವತೆಯೂ ಆಗಿತ್ತು. ಕವಿ ಹೆಸಿಯಡ್ ಹೇಳುವಂತೆ ಫೋಬೊಸ್ ಮತ್ತು ಡೈಮೊಸ್ ಯುದ್ಧದೇವತೆ ಏರಿಸ್‌ಗೂ ಪ್ರೇಮದೇವತೆ ಅಫ್ರೊಡೈಟಿಗೂ ಹುಟ್ಟಿದ ಮಕ್ಕಳು. ತಂದೆ ಯುದ್ಧಕ್ಕೆ ಹೊರಟಾಗ ರಥಕ್ಕೆ ಕುದುರೆ ಹೂಡುವ ಕೆಲಸ ಇವರದು. ಇಲಿಯಡ್‌ನಲ್ಲಿ ಗ್ರೀಕರ ದಂಡನಾಯಕ ಅಗಮೆಮ್ನನ್‌ನ ಗುರಾಣಿಯ ಮೇಲೆ ವಿಕಾರ ಮೋರೆಯ ಗೊರ್ಗನ್, ಅವಳ ಅಕ್ಕಪಕ್ಕದಲ್ಲಿ ಈ ಅಣ್ಣತಮ್ಮಂದಿರು. ಮನೆಯ ಮುಂದೆ ದೃಷ್ಟಿಬೊಂಬೆ ತೂಗುಹಾಕುವ ಊರಿನವರಿಗೆ ಆ ಚಿತ್ರದ ಉದ್ದೇಶ ವಿವರಿಸಬೇಕಾಗಿಲ್ಲ.

ಸ್ಪಾರ್ಟಾದಲ್ಲಿ ಫೋಬೊಸ್‌ಗೆ ಗುಡಿಯೇ ಇತ್ತು, ಅದೂ ಊರಿನ ಅತ್ಯುನ್ನತ ಅಧಿಕಾರಿಗಳಾದ ಎಫೊರ್‌ಗಳ ಊಟದ ಮನೆಯ ಪಕ್ಕದಲ್ಲಿ. ಭಯವನ್ನು ದೂರವಿಡಲು ಕಟ್ಟಿದ ಗುಡಿ ಅದಲ್ಲ. ರಾಜ್ಯ ನಿಂತಿರುವುದೇ ಭಯದ ಮೇಲೆ ಎಂದು ಸ್ಪಾರ್ಟನ್ನರು ನಂಬಿದ್ದರಿಂದ ಅದಕ್ಕೆ ಮರ್ಯಾದೆ ಸಲ್ಲುತ್ತಿತ್ತು ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಕ್ರಿಸ್ತಪೂರ್ವ 331ರಲ್ಲಿ ಗೌಗಮೆಲಾ ಯುದ್ಧದ ಹಿಂದಿನ ರಾತ್ರಿ ಅಲೆಕ್ಸಾಂಡರ್ ತನ್ನ ಡೇರೆಯ ಮುಂದೆ ಗುಟ್ಟಾಗಿ ಬಲಿ ಕೊಟ್ಟದ್ದೂ ಇದೇ ಫೋಬೊಸ್‌ಗೆ. ತನ್ನ ಭಯ ಹೋಗಲೆಂದೋ, ಎದುರಾಳಿ ದರಾಯುಷನ ಸೈನ್ಯ ಓಡಲೆಂದೋ ಪ್ಲುಟಾರ್ಕ್ ಹೇಳುವುದಿಲ್ಲ. ಮರುದಿನ ಓಡಿದವನು ಮಾತ್ರ ದರಾಯುಷ.

ಆ ದೇವತೆ ಈಗ ಆಕಾಶದಲ್ಲಿದ್ದಾನೆ. 1877ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ನೌಕಾ ವೀಕ್ಷಣಾಲಯದಲ್ಲಿ ಅಸಾಫ್ ಹಾಲ್ ಎಂಬ ಖಗೋಳಜ್ಞ ಮಂಗಳ ಗ್ರಹದ ಸುತ್ತ ಚಂದ್ರನನ್ನು ಹುಡುಕುತ್ತಿದ್ದ. ಏನೂ ಕಾಣದೆ ಬೇಸತ್ತು ಕೈಬಿಡುವುದರಲ್ಲಿದ್ದಾಗ ಇನ್ನೊಂದು ಪ್ರಯತ್ನ ಮಾಡೆಂದು ಒತ್ತಾಯಿಸಿದವಳು ಹೆಂಡತಿ ಆಂಜೆಲಿನ್ ಸ್ಟಿಕ್ನಿ. ಕೆಲವೇ ದಿನಗಳಲ್ಲಿ ಎರಡು ಚಂದ್ರಗಳು ಸಿಕ್ಕವು. ಇಂಗ್ಲೆಂಡಿನ ಈಟನ್ ಶಾಲೆಯ ಹೆನ್ರಿ ಮ್ಯಾಡನ್ ಇಲಿಯಡ್ ನೆನೆದು ಫೋಬೊಸ್, ಡೈಮೊಸ್ ಎಂಬ ಹೆಸರು ಸೂಚಿಸಿದ. ಫೋಬೊಸ್‌ನ ಮೈಮೇಲಿರುವ ಅತಿದೊಡ್ಡ ಕುಳಿಗೆ ಈಗ ಸ್ಟಿಕ್ನಿಯ ಹೆಸರು. ಇಸ್ರೋದ ಮಂಗಳಯಾನ 2020ರ ಜುಲೈ 1ರಂದು 4,200 ಕಿಲೋಮೀಟರ್ ದೂರದಿಂದ ಫೋಬೊಸ್‌ನ ಚಿತ್ರ ತೆಗೆದಾಗ ಆ ಕುಳಿಯೂ ಅದರಲ್ಲಿ ಕಂಡಿತು. ಈ ಚಂದ್ರ ಮಂಗಳವನ್ನು 7 ಗಂಟೆ 39 ನಿಮಿಷಕ್ಕೊಮ್ಮೆ ಸುತ್ತಿ ಬರುತ್ತದೆ. ಅಲ್ಲಿನ ಒಂದು ದಿನಕ್ಕಿಂತ ಎಷ್ಟೋ ಬೇಗ. ಹಾಗಾಗಿ ಮಂಗಳದ ನೆಲದಲ್ಲಿ ನಿಂತವರಿಗೆ ಅದು ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುವುದು ಕಾಣುತ್ತದೆ. ಹೆಸರು ಪಲಾಯನದ್ದಾದರೂ ಅದು ದೂರ ಓಡುತ್ತಿಲ್ಲ. ನೂರು ವರ್ಷಕ್ಕೆ ಸುಮಾರು 1.8 ಮೀಟರಿನಂತೆ ಮಂಗಳದತ್ತಲೇ ಜಾರುತ್ತಿದೆ.

ಗ್ರೀಕರು ಫೋಬೊಸ್‌ಗೆ ಗುಡಿ ಕಟ್ಟಿದರೇ ಹೊರತು ಅದನ್ನು ಮನಸ್ಸಿನ ಕಾಯಿಲೆಯೊಂದರ ಹೆಸರಾಗಿ ಬಳಸಲಿಲ್ಲ. ಕಾಯಿಲೆ ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಿಪೊಕ್ರೆಟಿಸ್‌ನ ಹೆಸರಿನಲ್ಲಿ ಉಳಿದುಬಂದಿರುವ ವೈದ್ಯ ಟಿಪ್ಪಣಿಗಳಲ್ಲಿ ಇಬ್ಬರು ರೋಗಿಗಳ ವಿವರ ಒಂದರ ಹಿಂದೊಂದು ಬರುತ್ತದೆ. ನಿಕನೊರ್ ಎಂಬವನು ರಾತ್ರಿಯ ಪಾನಗೋಷ್ಠಿಗೆ ಹೋದಾಗ ಕೊಳಲು ನುಡಿಸುವ ಹುಡುಗಿಯ ಮೊದಲ ಸ್ವರ ಕೇಳಿದೊಡನೆ ಭಯದಿಂದ ತತ್ತರಿಸುತ್ತಿದ್ದ. ಅದೇ ಕೊಳಲನ್ನು ಹಗಲಿನಲ್ಲಿ ಕೇಳಿದರೆ ಅವನಿಗೆ ಏನೂ ಆಗುತ್ತಿರಲಿಲ್ಲ. ಡೆಮೊಕ್ಲಿಸ್ ಎಂಬವನಿಗೆ ಕಡಿದಾದ ಜಾಗದ ಅಂಚಿನಲ್ಲಿ ನಡೆಯಲಾಗುತ್ತಿರಲಿಲ್ಲ. ಅತ್ಯಂತ ತಗ್ಗಾದ ಹಳ್ಳದ ಮೇಲಿನ ಸೇತುವೆಯನ್ನೂ ದಾಟಲಾಗುತ್ತಿರಲಿಲ್ಲ. ಆದರೆ ಹಳ್ಳಕ್ಕೇ ಇಳಿದು ಆಚೆ ದಡ ಹತ್ತುವುದು ಸಲೀಸು.

ಎರಡೂವರೆ ಸಾವಿರ ವರ್ಷದ ಹಿಂದೆ ಆ ವೈದ್ಯ ಗಮನಿಸಿದ್ದು ಮುಖ್ಯವಾದದ್ದನ್ನೇ. ಬಿದ್ದು ಪೆಟ್ಟಾಗುವ ಲೆಕ್ಕ ಹಾಕಿದರೆ ಹಳ್ಳಕ್ಕೆ ಇಳಿಯುವುದೇ ಹೆಚ್ಚು ಅಪಾಯ. ಡೆಮೊಕ್ಲಿಸ್‌ನ ಭಯ ಆ ಲೆಕ್ಕಕ್ಕೆ ಸಿಗುವುದಿಲ್ಲ. ಅದರ ನಿಯಮ ಬೇರೆ, ಆದರೆ ಅದಕ್ಕೂ ನಿಯಮವಿದೆ: ರಾತ್ರಿ ಹೌದು, ಹಗಲು ಅಲ್ಲ, ಸೇತುವೆ ಹೌದು, ಹಳ್ಳ ಅಲ್ಲ. ಪುಕ್ಕಲನಾದವನು ಎಲ್ಲಕ್ಕೂ ಹೆದರುತ್ತಾನೆ. ಫೋಬಿಯಾ ಇರುವವನು ಮಿಕ್ಕೆಲ್ಲದರಲ್ಲೂ ಗಟ್ಟಿಗನಾಗಿದ್ದು ಒಂದೇ ಒಂದಕ್ಕೆ ಹೆದರಬಹುದು.

ಫೋಬೊಸ್ ಮೊದಲು ವೈದ್ಯರ ಮಾತಾದದ್ದು ಪ್ರತ್ಯಯದ ರೂಪದಲ್ಲಿ, ಅದೂ ಮನಸ್ಸಿಗೆ ಸಂಬಂಧವಿಲ್ಲದ ರೋಗಕ್ಕೆ. ಒಂದನೇ ಶತಮಾನದ ರೋಮನ್ ಲೇಖಕ ಸೆಲ್ಸಸ್, ಹುಚ್ಚುನಾಯಿ ಕಚ್ಚಿದವರಿಗೆ ಬರುವ ರೋಗವನ್ನು ಗ್ರೀಕರು 'ಹೈಡ್ರೊಫೋಬಿಯಾ' ಎನ್ನುತ್ತಾರೆ ಎಂದು ದಾಖಲಿಸಿದ್ದಾನೆ. ಹೈಡೋರ್ ಎಂದರೆ ನೀರು. ರೇಬಿಸ್ ತಗುಲಿದವನಿಗೆ ಬಾಯಾರಿಕೆ ಇರುತ್ತದೆ, ಲೋಟ ಬಾಯಿಗೆ ತಂದರೆ ಗಂಟಲು ಸೆಟೆದುಕೊಳ್ಳುತ್ತದೆ, ಕೊನೆಗೆ ನೀರಿನ ಸದ್ದಿಗೂ ಮೈ ಅದುರುತ್ತದೆ. ಅಲ್ಲಿ ನೀರಿನ ಭಯ ಹುಟ್ಟುವುದು ಮಿದುಳಿಗೆ ಹತ್ತಿದ ವೈರಸ್ಸಿನಿಂದ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಮೊದಲ ಲಸಿಕೆ ಹಾಕಿಸುವವರೆಗೆ ಈ ರೋಗದ ಹೆಸರೇ ಮರಣಶಾಸನವಾಗಿತ್ತು. ನಮ್ಮಲ್ಲಿ ಹೊಕ್ಕುಳ ಸುತ್ತ ಹಾಕುತ್ತಿದ್ದ ಹದಿನಾಲ್ಕು ಇಂಜೆಕ್ಷನ್ನುಗಳ ನೆನಪು ಹಿರಿಯರಿಗೆ ಇನ್ನೂ ಇದೆ. ನಾಯಿಗಿಂತ ಆ ಇಂಜೆಕ್ಷನ್ನಿಗೇ ಜನ ಹೆಚ್ಚು ಹೆದರುತ್ತಿದ್ದರೆನ್ನುವುದು ಬೇರೆ ಮಾತು.

ಹೀಗೆ ಬಹುಕಾಲ 'ಫೋಬಿಯಾ' ಬಾಲವಾಗಿಯೇ ಉಳಿಯಿತು. ಅದನ್ನು ಕತ್ತರಿಸಿ ಸ್ವತಂತ್ರ ಪದವಾಗಿ ನಿಲ್ಲಿಸಿದ ಮೊದಲಿಗರಲ್ಲಿ ಬೆಂಜಮಿನ್ ರಶ್ ಒಬ್ಬ. ಫಿಲಡೆಲ್ಫಿಯಾದ ವೈದ್ಯ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬ. 1786ರಲ್ಲಿ ಅಲ್ಲಿನ ಕೊಲಂಬಿಯನ್ ಮ್ಯಾಗಜಿನ್ ಎಂಬ ಪತ್ರಿಕೆಯಲ್ಲಿ ಅವನು ಫೋಬಿಯಾದ ಬಗೆಗಳ ಮೇಲೆ ಒಂದು ಬರಹ ಬರೆದ. ಇಲ್ಲದ ಕೇಡಿನ ಭಯ, ಅಥವಾ ಇರುವ ಕೇಡಿಗೆ ಅತಿಯಾದ ಭಯ ಎಂಬುದು ಅವನ ವ್ಯಾಖ್ಯೆ. ಇಂದಿನ ಪಠ್ಯಪುಸ್ತಕದ ವ್ಯಾಖ್ಯೆಯ ತಿರುಳೂ ಇದೇ. ಆದರೆ ಬರಹದ ಧಾಟಿ ತಮಾಷೆಯದು. ಇಲಿ ಫೋಬಿಯಾ, ಬೆಕ್ಕಿನ ಫೋಬಿಯಾ, ಗುಡುಗಿನ ಫೋಬಿಯಾ, ದೆವ್ವದ ಫೋಬಿಯಾಗಳ ಜೊತೆಗೆ ವೈದ್ಯ ಫೋಬಿಯಾ ಇದೆ. ಕೊಳೆಯ ಫೋಬಿಯಾ ಹಿಡಿದು ಗುಡಿಸಿ ಒರೆಸಿ ಮನೆಮಂದಿಯ ಪ್ರಾಣ ಹಿಂಡುವ ಗೃಹಿಣಿಯರಿದ್ದಾರೆ. ಸಂಜೆಯಾದರೆ ಹೆಂಡದಂಗಡಿ ಸೇರುವ ಗಂಡಸರಿಗೆ ಇರುವುದು ಮನೆ ಫೋಬಿಯಾ. ರಮ್ ಫೋಬಿಯಾ ಮಾತ್ರ ಬಲು ಅಪರೂಪವೆಂದು ಅವನು ವಿಷಾದಿಸುತ್ತಾನೆ. ಪದ ತನ್ನ ಕಾಲ ಮೇಲೆ ನಿಂತದ್ದು ಹೀಗೆ ನಗೆಬರಹದಲ್ಲಿ. ಆ ಗುಣ ಅದನ್ನು ಇವತ್ತಿಗೂ ಪೂರ್ತಿ ಬಿಟ್ಟಿಲ್ಲ.

ಗಂಭೀರ ವೈದ್ಯಕೀಯ ಅರ್ಥ ಗಟ್ಟಿಯಾದದ್ದು ಬರ್ಲಿನ್ನಿನಲ್ಲಿ. 1871ರಲ್ಲಿ ಮನೋವೈದ್ಯ ಕಾರ್ಲ್ ವೆಸ್ಟ್‌ಫಾಲ್ ಮೂವರು ಗಂಡಸರ ವಿವರ ಪ್ರಕಟಿಸಿದ. ಮೂವರೂ ಬುದ್ಧಿವಂತರು, ಕೆಲಸಬೊಗಸೆಯಲ್ಲಿದ್ದವರು. ದೊಡ್ಡ ಚೌಕ ದಾಟಬೇಕಾಗಿ ಬಂದಾಗ ಎದೆ ಹೊಡೆದುಕೊಳ್ಳುತ್ತದೆ, ಮೈ ಬೆವರುತ್ತದೆ, ಕಾಲು ಏಳುವುದಿಲ್ಲ. ಏಕೆ ಎಂದು ಕೇಳಿದರೆ ಅವರಿಗೇ ಗೊತ್ತಿಲ್ಲ. ಜೊತೆಗೆ ಒಬ್ಬರು ಮಾತಾಡುತ್ತ ಬಂದರೆ ದಾಟಿಬಿಡುತ್ತಾರೆ. ಗಾಡಿಯೊಂದು ಅದೇ ದಾರಿಯಲ್ಲಿ ಹೋಗುತ್ತಿದ್ದರೆ ಅದರ ಮರೆಯಲ್ಲಿ ಹೋಗುತ್ತಾರೆ. ಕೈಯಲ್ಲೊಂದು ಕೋಲಿದ್ದರೂ ಸ್ವಲ್ಪ ಧೈರ್ಯ. ಈ ಸ್ಥಿತಿಗೆ ವೆಸ್ಟ್‌ಫಾಲ್ 'ಅಗೊರಾಫೋಬಿಯಾ' ಎಂದು ಹೆಸರಿಟ್ಟ. ಅಗೊರಾ ಎಂದರೆ ಗ್ರೀಕ್ ಊರಿನ ನಡುವಿನ ಬಯಲು. ವ್ಯಾಪಾರ, ಪಂಚಾಯಿತಿ, ಹರಟೆ ಎಲ್ಲ ಅಲ್ಲೇ. ಸಂತೆಮಾಳ ಮತ್ತು ಅರಳಿಕಟ್ಟೆ ಎರಡೂ ಸೇರಿದ ಜಾಗ. ಯುರೋಪಿನ ನಗರಗಳು ಹಳೆಯ ಇಕ್ಕಟ್ಟು ಗಲ್ಲಿಗಳನ್ನು ಒಡೆದು ವಿಶಾಲ ಬೀದಿ, ಬಯಲು ಮಾಡಿಕೊಳ್ಳುತ್ತಿದ್ದ ಕಾಲ ಅದು. ವಿಯೆನ್ನಾದ ವಾಸ್ತುಶಿಲ್ಪಿ ಕಮಿಲ್ಲೊ ಸಿಟ್ಟೆ 1889ರಲ್ಲಿ ಈ ಹೊಸ ಕಾಯಿಲೆಗೆ ಹೊಸ ಚೌಕಗಳ ಅತಿಯಾದ ವಿಸ್ತಾರವೇ ಕಾರಣವೆಂದು ದೂರಿದ.

ಅಗೊರಾಫೋಬಿಯಾವನ್ನು ಬಯಲಿನ ಭಯ ಎಂದು ಅನುವಾದಿಸುವುದು ಈಗ ಸಾಲದು. ತುಂಬಿದ ಬಸ್ಸು, ಉದ್ದದ ಕ್ಯೂ, ಸಿನಿಮಾ ಮಂದಿರದ ನಡುಸಾಲಿನ ಕುರ್ಚಿ, ಮನೆಯಿಂದ ಒಬ್ಬರೇ ದೂರ ಹೋಗುವುದು, ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಏನಾದರೂ ಆದರೆ ಇಲ್ಲಿಂದ ಹೊರಗೆ ಹೋಗುವುದು ಹೇಗೆ ಎಂಬ ಚಿಂತೆ ಇವೆಲ್ಲವುಗಳ ಒಳಗಿರುವ ಸಮಾನ ಎಳೆ. ವೈದ್ಯರು ಈ ಕಾಯಿಲೆಯನ್ನು ಗುರುತಿಸುವುದೂ ಆ ಎಳೆಯಿಂದಲೇ: ತಪ್ಪಿಸಿಕೊಳ್ಳಲಾಗದು ಎಂಬ ದಿಗಿಲು. ಹೋಮರನ ಪಲಾಯನ ಇಲ್ಲಿ ಸದ್ದಿಲ್ಲದೆ ವಾಪಸು ಬಂದಿದೆ.

ವೆಸ್ಟ್‌ಫಾಲ್ ದಾರಿ ತೋರಿಸಿದ ಮೇಲೆ ಹೆಸರುಗಳ ಸುಗ್ಗಿ. ಪ್ಯಾರಿಸ್ಸಿನಲ್ಲಿ ಬೆಂಜಮಿನ್ ಬಾಲ್ 1879ರಲ್ಲಿ ಮುಚ್ಚಿದ ಕೋಣೆಯ ಭಯಕ್ಕೆ 'ಕ್ಲಾಸ್ಟ್ರೊಫೋಬಿಯಾ' ಎಂದ. ಇಲ್ಲಿ ಕ್ಲಾಸ್ಟ್ರಮ್ ಲ್ಯಾಟಿನ್, ಫೋಬಿಯಾ ಗ್ರೀಕ್. ಹಳಗನ್ನಡದ ವೈಯಾಕರಣಿ ಕೇಶಿರಾಜನ ಕೈಗೆ ಸಿಕ್ಕಿದ್ದರೆ ಅರಿಸಮಾಸವೆಂದು ತಪ್ಪು ಹಿಡಿಯುತ್ತಿದ್ದ. ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿದಾಗ ವೈಯಾಕರಣಿಗಳು ಮುಖ ಸಿಂಡರಿಸುವ ಹಾಗೆ ಯುರೋಪಿನ ಶುದ್ಧಿವಾದಿಗಳೂ ಇಂಥ ಬೆರಕೆಗೆ ಗೊಣಗುತ್ತಾರೆ. ಇಟಲಿಯ ಆಂದ್ರೆಯಾ ವೆರ್ಗಾ ಎತ್ತರದ ಭಯಕ್ಕೆ ಕೊಟ್ಟ 'ಆಕ್ರೊಫೋಬಿಯಾ' ಮಾತ್ರ ಶುದ್ಧ ಗ್ರೀಕ್. ಆಕ್ರೊಸ್ ಎಂದರೆ ತುದಿ, ಶಿಖರ. ಅಥೆನ್ಸಿನ ಆಕ್ರೊಪೊಲಿಸ್‌ನಲ್ಲಿರುವುದೂ ಅದೇ ಪದ. ವೆರ್ಗಾ ವರ್ಣಿಸಿದ್ದು ಬೇರೆ ರೋಗಿಯನ್ನಲ್ಲ, ತನ್ನದೇ ಅನುಭವವನ್ನು.

ಸೂತ್ರ ಅಷ್ಟು ಸುಲಭ: ಗ್ರೀಕ್ ನಿಘಂಟು ತೆರೆ, ಒಂದು ನಾಮಪದ ಹಿಡಿ, ಬಾಲ ಅಂಟಿಸು. ಜೇಡಕ್ಕೆ ಅರಾಕ್ನೆ, ಹಾವಿಗೆ ಒಫಿಸ್, ನಾಯಿಗೆ ಕ್ಯುಓನ್, ಗುಡುಗಿಗೆ ಬ್ರೊಂಟೆ, ರಾತ್ರಿಗೆ ನಿಕ್ಸ್. ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಹಾಲ್ 1914ರಲ್ಲಿ 130ಕ್ಕೂ ಹೆಚ್ಚು ಫೋಬಿಯಾಗಳ ಪಟ್ಟಿ ಕೊಟ್ಟ. ಕೆಲವೇ ವರ್ಷಗಳಲ್ಲಿ ವಿಯೆನ್ನಾದಲ್ಲಿ ಉಪನ್ಯಾಸ ಮಾಡುತ್ತ ಸಿಗ್ಮಂಡ್ ಫ್ರಾಯ್ಡ್ ಈ ಸೊಗಸಾದ ಗ್ರೀಕ್ ಹೆಸರುಗಳನ್ನು ಬೈಬಲಿನ ಈಜಿಪ್ಟಿನ ಹತ್ತು ಪಿಡುಗುಗಳಿಗೆ ಹೋಲಿಸಿ, ಸಂಖ್ಯೆಯಲ್ಲಿ ಮಾತ್ರ ಇವು ಅವನ್ನು ಎಷ್ಟೋ ಮೀರಿಸಿವೆ ಎಂದು ಕುಟುಕಿದ. ಹೆಸರಿಟ್ಟ ಮಾತ್ರಕ್ಕೆ ರೋಗ ಅರ್ಥವಾದಂತಾಯಿತೇ ಎಂಬ ಆ ಚುಚ್ಚು ನ್ಯಾಯವಾದದ್ದೇ.

ಇಂದಿನ ಪಟ್ಟಿಗಳಲ್ಲಿ ಅಂತೂ ಕಾಳಿಗಿಂತ ಜೊಳ್ಳು ಹೆಚ್ಚು. ಉದ್ದನೆಯ ಪದಗಳ ಭಯಕ್ಕೆಂದು ನೀರಾನೆಯನ್ನೂ ರಾಕ್ಷಸನನ್ನೂ ಸೇರಿಸಿ ಬೇಕೆಂದೇ ಉಸಿರುಗಟ್ಟುವಷ್ಟು ಉದ್ದ ಮಾಡಿದ ಒಂದು ಹೆಸರಿದೆ. ಅದು ಶುದ್ಧ ಕೀಟಲೆ. ಮೊಬೈಲ್ ಇಲ್ಲದಿದ್ದರೆ ಆಗುವ ಚಡಪಡಿಕೆಗೆ ಬ್ರಿಟನ್ನಿನಲ್ಲಿ 2008ರಲ್ಲಿ ಹುಟ್ಟಿದ 'ನೊಮೊಫೋಬಿಯಾ'ದಲ್ಲಿ ಗ್ರೀಕ್ ಇರುವುದು ಬಾಲದಲ್ಲಿ ಮಾತ್ರ. ತಲೆ 'ನೋ ಮೊಬೈಲ್' ಎಂಬ ಇಂಗ್ಲಿಷಿನದು. ಒತ್ತೊತ್ತಾದ ತೂತುಗಳನ್ನು ಕಂಡರೆ ಮೈ ಜುಮ್ಮೆನ್ನುವ 'ಟ್ರೈಪೊಫೋಬಿಯಾ' 2005ರಲ್ಲಿ ಅಂತರ್ಜಾಲದ ಹರಟೆಯಲ್ಲಿ ಹುಟ್ಟಿದರೂ ಬೇರೆ ದಾರಿ ಹಿಡಿಯಿತು. ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದ ಜೆಫ್ ಕೋಲ್ ಮತ್ತು ಆರ್ನಲ್ಡ್ ವಿಲ್ಕಿನ್ಸ್ 2013ರಲ್ಲಿ ಅದರ ಮೇಲೆ ಅಧ್ಯಯನ ಪ್ರಕಟಿಸಿದರು. ಅಲ್ಲಿ ಎಲ್ಲರೂ ಕೊಡುವ ಉದಾಹರಣೆ ತಾವರೆಯ ಬೀಜಕೋಶ. ಕವಿಗಳು ಹೂವನ್ನಷ್ಟೇ ನೋಡಿ ನಿಲ್ಲಿಸಿದ್ದು ಒಳ್ಳೆಯದೇ ಆಯಿತು.

ಅದೇ ತಾವರೆಯ ಎಲೆ ಈ ಪದದ ಇನ್ನೊಂದು ಬಳಕೆಗೂ ಸಾಕ್ಷಿ. ತಾವರೆ ಎಲೆಯ ಮೇಲೆ, ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುತ್ತದೆ, ಅಂಟುವುದಿಲ್ಲ. ರಸಾಯನಶಾಸ್ತ್ರಜ್ಞರು ಇಂಥ ಮೇಲ್ಮೈಯನ್ನು 'ಹೈಡ್ರೊಫೋಬಿಕ್' ಎನ್ನುತ್ತಾರೆ. ಮೈಗ್ರೇನ್ ಬಂದವರಿಗೆ ಬೆಳಕು ಸಹಿಸಲಾಗದ್ದಕ್ಕೆ ವೈದ್ಯರು 'ಫೋಟೊಫೋಬಿಯಾ' ಎಂದು ಬರೆಯುತ್ತಾರೆ. ಎಲೆಗೆ ನೀರಿನ ಅಂಜಿಕೆ ಇಲ್ಲ, ಕಣ್ಣಿಗೆ ಬೆಳಕಿನ ದಿಗಿಲಿಲ್ಲ. ಇರುವುದು ದೂರ ಸರಿಯುವ ಗುಣ ಮಾತ್ರ. ಸಾಮಾಜಿಕ ಬಳಕೆಯಾದ 'ಜೆನೊಫೋಬಿಯಾ'ದ ಕಥೆ ಇನ್ನೂ ಸಿಕ್ಕು. ಗ್ರೀಕಿನಲ್ಲಿ ಜೆನೊಸ್ ಎಂದರೆ ಪರದೇಶಿಯೂ ಹೌದು, ಅತಿಥಿಯೂ ಹೌದು. ಪರಕೀಯರ ಮೇಲಿನ ದ್ವೇಷವನ್ನು ಫೋಬಿಯಾ ಎಂದು ಕರೆದರೆ ಅದಕ್ಕೆ ಕಾಯಿಲೆಯ ರಿಯಾಯಿತಿ ಸಿಕ್ಕಂತಾಗುವುದಿಲ್ಲವೇ ಎಂಬ ತಕರಾರು ಹಳೆಯದು. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ 2012ರಲ್ಲಿ ತನ್ನ ಶೈಲಿ ಕೈಪಿಡಿಯಲ್ಲಿ, ರಾಜಕೀಯ ಸಾಮಾಜಿಕ ಸಂದರ್ಭಗಳಲ್ಲಿ ಇಂಥ ಪದಗಳನ್ನು ಬಳಸದಿರುವಂತೆ ಸೂಚಿಸಿದ್ದು ಸರಿಸುಮಾರು ಈ ಕಾರಣಕ್ಕೇ.

ವೈದ್ಯರ ಕೋಣೆಯಲ್ಲಿ ಈ ನೂರಾರು ಹೆಸರುಗಳಿಗೆ ಕೆಲಸ ಕಡಿಮೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗಪಟ್ಟಿಯಲ್ಲಿ ಇವೆಲ್ಲ 'ನಿರ್ದಿಷ್ಟ ಫೋಬಿಯಾ' ಎಂಬ ಒಂದೇ ಶೀರ್ಷಿಕೆಯ ಕೆಳಗೆ ಬರುತ್ತವೆ: ಪ್ರಾಣಿಗಳು, ನಿಸರ್ಗ, ರಕ್ತ ಮತ್ತು ಸೂಜಿ, ಲಿಫ್ಟ್ ವಿಮಾನಗಳಂಥ ಸನ್ನಿವೇಶಗಳು, ಮಿಕ್ಕವು. ಅಗೊರಾಫೋಬಿಯಾ ಮತ್ತು ನಾಲ್ಕು ಜನರ ಮುಂದೆ ನಿಲ್ಲುವ ಭಯ ಬೇರೆ ಬೇರೆ ಕಾಯಿಲೆಗಳು. ಭಯ ಆರು ತಿಂಗಳಾದರೂ ಇರಬೇಕು, ಅಪಾಯದ ಅಳತೆ ಮೀರಿರಬೇಕು, ಬದುಕಿಗೆ ತೊಡಕಾಗಿರಬೇಕು. ಮಲೆನಾಡಿನ ಅಡಿಕೆ ತೋಟದಲ್ಲಿ ಕೆಲಸ ಮಾಡುವವನು ಹಾವಿಗೆ ಹೆದರಿ ಗಮ್‌ಬೂಟ್ ಹಾಕಿಕೊಂಡರೆ ಅದು ಫೋಬಿಯಾ ಅಲ್ಲ, ವಿವೇಕ. ಭಾರತದಲ್ಲಿ ವರ್ಷಕ್ಕೆ ಅಂದಾಜು 58,000 ಜನ ಹಾವು ಕಚ್ಚಿ ಸಾಯುತ್ತಾರೆ. ಪಠ್ಯಪುಸ್ತಕದಲ್ಲಿ ಹಾವಿನ ಚಿತ್ರವಿರುವ ಪುಟವನ್ನು ಪಿನ್ನು ಹೊಡೆದು ಮುಚ್ಚುವ ಹುಡುಗಿಯದು ಬೇರೆ ಮಾತು.

ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತ ವೇದಾಂತದಲ್ಲಿ ಪ್ರಸಿದ್ಧ. ದೀಪ ತಂದರೆ ಹಾವು ಮಾಯ, ಭಯವೂ ಮಾಯ. ಫೋಬಿಯಾ ಈ ದೃಷ್ಟಾಂತಕ್ಕೆ ಬಗ್ಗುವುದಿಲ್ಲ. ದೀಪ ಉರಿಯುತ್ತಿದೆ, ಅದು ಹಗ್ಗವೆಂದು ಕಾಣುತ್ತಿದೆ, ಬಾಯಿಯೂ ಹಗ್ಗವೆಂದೇ ಹೇಳುತ್ತಿದೆ, ಕಾಲು ಮಾತ್ರ ಓಡುತ್ತಿದೆ. ಬಚ್ಚಲುಮನೆಯ ಗೋಡೆಯ ಮೇಲೆ ಸ್ವಿಚ್ಚಿನ ಪಕ್ಕ ಹಲ್ಲಿ ಕೂತಿದೆ. ಹೆಗಲಿಗೆ ಟವೆಲು ಹಾಕಿಕೊಂಡ ನಲವತ್ತರ ಗೃಹಸ್ಥ ಬಾಗಿಲಲ್ಲೇ ನಿಂತಿದ್ದಾನೆ. ಹಲ್ಲಿ ಕಚ್ಚುವುದಿಲ್ಲ, ಅಟ್ಟಿಸಿಕೊಂಡು ಬರುವುದಿಲ್ಲ, ತನ್ನನ್ನು ಕಂಡರೆ ಅದೇ ಓಡುತ್ತದೆ ಎಂದು ಅವನಿಗೆ ಗೊತ್ತು. ಮಗನಿಗೆ ಅವನೇ ಹಾಗೆ ಹೇಳಿಕೊಟ್ಟಿದ್ದಾನೆ. ಆದರೂ ಅಂಗೈ ಬೆವರಿದೆ. ಇವತ್ತು ಸ್ನಾನ ಬೇಡ, ಕೈಕಾಲು ಮುಖ ತೊಳೆದರೆ ಸಾಕು ಎಂದುಕೊಂಡು ಹಿಂದಕ್ಕೆ ತಿರುಗುತ್ತಾನೆ. ತಿರುಗಿದ ಕ್ಷಣವೇ ಎದೆ ಹಗುರಾಗುತ್ತದೆ.

ಆ ಹಗುರವೇ ಇಡೀ ಕಾಯಿಲೆಯ ಬೀಗದಕೈ. ಬೆನ್ನು ತಿರುಗಿಸಿದಾಗ ಸಿಗುವ ನೆಮ್ಮದಿ ಒಂದು ಬಹುಮಾನದ ಹಾಗೆ ಕೆಲಸ ಮಾಡುತ್ತದೆ. ನಾಳೆಯೂ ತಿರುಗು ಎಂದು ಕಲಿಸುತ್ತದೆ. ಒಳಗೆ ಹೋಗಿ ಐದು ನಿಮಿಷ ನಿಂತಿದ್ದರೆ ಹಲ್ಲಿ ಏನೂ ಮಾಡಲಿಲ್ಲ ಎಂಬುದನ್ನು ದೇಹ ಕಲಿಯುತ್ತಿತ್ತು. ಓಡಿದವನ ದೇಹ ಅದನ್ನು ಎಂದೂ ಕಲಿಯುವುದಿಲ್ಲ. ಭಯದಿಂದ ಓಟ ಹುಟ್ಟುತ್ತದೆ ಎಂಬುದು ನಿಜ, ಓಟದಿಂದಲೇ ಭಯ ಬದುಕಿರುತ್ತದೆ ಎಂಬುದೂ ಅಷ್ಟೇ ನಿಜ. ಫೋಬೊಸ್‌ನ ಹೊಸ ಅರ್ಥಕ್ಕಿಂತ ಹಳೆಯ ಅರ್ಥವೇ ಈ ಕಾಯಿಲೆಗೆ ಹೆಚ್ಚು ಹೊಂದುತ್ತದೆ ಎನ್ನಬೇಕಾಗುತ್ತದೆ. ಪತ್ರಿಕೆಗಳಲ್ಲಿ ಬಳಕೆಯಾಗುವ 'ಅಕಾರಣ ಭೀತಿ', 'ಅತಿಭಯ' ಮೊದಲಾದ ಕನ್ನಡ ಪದಗಳು ಭಾವನೆಯನ್ನು ಹೇಳುತ್ತವೆ, ಓಟವನ್ನು ಬಿಡುತ್ತವೆ. ಬಹುಶಃ ಅದಕ್ಕೇ ಜನ 'ಫೋಬಿಯಾ'ವನ್ನೇ ಇಟ್ಟುಕೊಂಡಿದ್ದಾರೆ.

ಒಂದು ಅಪವಾದವಿದೆ. ರಕ್ತ ಅಥವಾ ಸೂಜಿ ಕಂಡು ಹೆದರುವವರು ಓಡುವುದಿಲ್ಲ, ಬೀಳುತ್ತಾರೆ. ಬೇರೆಲ್ಲ ಫೋಬಿಯಾಗಳಲ್ಲಿ ಎದೆಬಡಿತ, ರಕ್ತದೊತ್ತಡ ಏರುತ್ತವೆ. ಇವರಲ್ಲಿ ಮೊದಲು ಏರಿ, ಆಮೇಲೆ ದಡಕ್ಕನೆ ಇಳಿಯುತ್ತವೆ. ಮಿದುಳಿಗೆ ರಕ್ತ ಸಾಲದೆ ತಲೆಸುತ್ತು ಬರುತ್ತದೆ. ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್ ಗೊರಾನ್ ಓಸ್ಟ್ ಇದಕ್ಕೆ ಕಂಡುಕೊಂಡ ಉಪಾಯ ಸರಳ: ತೋಳು, ತೊಡೆ, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿಹಿಡಿಯುವುದು, ಬಿಡುವುದು, ಮತ್ತೆ ಬಿಗಿಹಿಡಿಯುವುದು. ಒತ್ತಡ ಇಳಿಯದಿದ್ದರೆ ಪ್ರಜ್ಞೆ ತಪ್ಪುವುದಿಲ್ಲ. ಸಮಾಧಾನವಾಗಿರು, ಮೈ ಸಡಿಲ ಬಿಡು ಎಂದು ನಾವು ಹೇಳುವ ಬುದ್ಧಿಮಾತು ಇಂಥವರಿಗೆ ಪೂರಾ ಉಲ್ಟಾ.

ಭಯ ಹತ್ತಿಕೊಳ್ಳುವ ಬಗೆಯನ್ನು ಕನ್ನಡದ ಮಕ್ಕಳು ತೆನಾಲಿ ರಾಮಕೃಷ್ಣನ ಬೆಕ್ಕಿನಿಂದ ಮೊದಲೇ ಕಲಿತಿರುತ್ತಾರೆ. ಕೃಷ್ಣದೇವರಾಯ ಬೆಕ್ಕು ಸಾಕಲು ಹಸು ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಸಾಕು, ಓಟ ಕೀಳುತ್ತಿತ್ತು. ಅಮೆರಿಕದಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ 1920ರಲ್ಲಿ ಪ್ರಕಟಿಸಿದ ಪ್ರಯೋಗದ ತಿರುಳೂ ಇಷ್ಟೇ, ಬೆಕ್ಕಿನ ಜಾಗದಲ್ಲಿ ಇದ್ದದ್ದು ವರ್ಷ ತುಂಬದ ಕೂಸು. ಆಲ್ಬರ್ಟ್ ಎಂದು ಅವರು ಕರೆದ ಆ ಮಗು ಬಿಳಿ ಇಲಿಯನ್ನು ಮುಟ್ಟಲು ಕೈಚಾಚಿದಾಗಲೆಲ್ಲ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಕೆಲವೇ ಸರ್ತಿಯಲ್ಲಿ ಇಲಿ ಕಂಡರೆ ಮಗು ಅಳುತ್ತ ಅಂಬೆಗಾಲಿಟ್ಟು ದೂರ ಸರಿಯತೊಡಗಿತು. ಮೊಲಕ್ಕೂ ತುಪ್ಪಳದ ಕೋಟಿಗೂ ಅಂಜಿತು. ಇವತ್ತು ಯಾವ ನೀತಿ ಸಮಿತಿಯೂ ಒಪ್ಪದ ಪ್ರಯೋಗ ಅದು. ಆದರೆ ಹಲ್ಲಿಯಿಂದ ಎಂದೂ ಪೆಟ್ಟು ತಿನ್ನದವರು ಹಲ್ಲಿಗೆ ಹೆದರುವುದು ಇದರಿಂದ ವಿವರಣೆಯಾಗುವುದಿಲ್ಲ. ಅಮ್ಮ ಕಿರುಚಿದ್ದನ್ನು ನೋಡಿ ಕಲಿತ ಭಯಗಳಿವೆ. ಇನ್ನು ಕೆಲವು ಭಯಗಳಿಗೆ ವಿಕಾಸವೇ ನಮ್ಮನ್ನು ಹದ ಮಾಡಿಟ್ಟಿದೆ ಎಂದು ಅಮೆರಿಕದ ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್‌ಮನ್ 1971ರಲ್ಲಿ ವಾದಿಸಿದ. ಹಾವು, ಜೇಡ, ಎತ್ತರ, ಕತ್ತಲೆಗಳ ಫೋಬಿಯಾ ಎಲ್ಲೆಡೆ ಇದೆ. ಪ್ಲಗ್ ಪಾಯಿಂಟಿನ ಫೋಬಿಯಾ ಕೇಳಿಬರುವುದೇ ಅಪರೂಪ, ಅದು ಕೊಟ್ಟ ಶಾಕ್ ಎಷ್ಟೇ ಇರಲಿ.

ಓಟವೇ ಕಾಯಿಲೆಯಾದರೆ ನಿಲ್ಲುವುದೇ ಮದ್ದು. ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲಿ ಮೂರು ವರ್ಷದ ಆಸುಪಾಸಿನ ಪೀಟರ್ ಎಂಬ ಹುಡುಗನ ಮೊಲದ ಭಯ ಬಿಡಿಸಿದಳು. ಹುಡುಗ ಇಷ್ಟದ ತಿಂಡಿ ತಿನ್ನುತ್ತಿದ್ದಾಗ ಮೊಲದ ಪಂಜರ ಕೋಣೆಯ ಆ ಮೂಲೆಯಲ್ಲಿ, ದಿನಕ್ಕಿಷ್ಟು ಹತ್ತಿರ, ಕಡೆಗೆ ಮೊಲ ಅವನ ತೊಡೆಯ ಮೇಲೆ. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ 1958ರ ಪುಸ್ತಕದಲ್ಲಿ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಚಿಕಿತ್ಸಾಕ್ರಮವಾಗಿ ಬೆಳೆಸಿದ. ಈಗಲೂ ಫೋಬಿಯಾಕ್ಕೆ ಮೊದಲ ಮದ್ದು ಮಾತ್ರೆಯಲ್ಲ, ಹೀಗೆ ಎದುರಾಗಿಸುವುದೇ. ಹಲ್ಲಿಯ ಭಯವಾದರೆ ಮೊದಲು 'ಹಲ್ಲಿ' ಎಂದು ಕಾಗದದಲ್ಲಿ ಬರೆಯುವುದು, ಆಮೇಲೆ ಚಿತ್ರ, ವಿಡಿಯೊ, ರಬ್ಬರಿನ ಹಲ್ಲಿ, ಗಾಜಿನ ಭರಣಿಯೊಳಗಿನ ನಿಜವಾದ ಹಲ್ಲಿ. ಪ್ರತಿ ಮೆಟ್ಟಿಲಲ್ಲೂ ಒಂದೇ ಷರತ್ತು: ಎದೆಬಡಿತ ತಾನಾಗಿ ಇಳಿಯುವವರೆಗೆ ಜಾಗ ಬಿಡಬಾರದು. ಸರಳ ಫೋಬಿಯಾಗಳನ್ನು ಎರಡು ಮೂರು ಗಂಟೆಯ ಒಂದೇ ಕೂಟದಲ್ಲಿ ಬಿಡಿಸಬಹುದೆಂದು ಓಸ್ಟ್ ತೋರಿಸಿದ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲಿ ಇಂಥ ವರ್ತನಾ ಚಿಕಿತ್ಸೆ ಸಿಗುತ್ತದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮನೋವೈದ್ಯರು ಹುಟ್ಟುವ ಎಷ್ಟೋ ಮೊದಲು ಈ ಮದ್ದನ್ನು ತಾನೇ ಅರೆದು ಕುಡಿದವನೊಬ್ಬನಿದ್ದ. 1770ರಲ್ಲಿ ಕಾನೂನು ಓದಲು ಸ್ಟ್ರಾಸ್‌ಬರ್ಗಿಗೆ ಬಂದ ಜರ್ಮನ್ ಕವಿ ಗಯಟೆಗೆ ಆಗ ಇಪ್ಪತ್ತು ವರ್ಷ. ಎತ್ತರದಿಂದ ಕೆಳಗೆ ನೋಡಿದರೆ ತಲೆ ತಿರುಗುತ್ತಿತ್ತು. ಆ ಊರಿನ ಕೆಥೆಡ್ರಲ್ಲಿನ 142 ಮೀಟರಿನ ಗೋಪುರ ಆಗ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡ. ಅವನು ಒಬ್ಬನೇ ಅದರ ತುತ್ತತುದಿಗೆ ಹತ್ತಿ, ಶಿಖರದ ಕೆಳಗಿನ ಗೂಡಿನಲ್ಲಿ ಕಾಲು ಗಂಟೆ ಕೂತು, ಆಮೇಲೆ ಹೊರಗಿನ ಬಯಲು ಚಪ್ಪಡಿಗೆ ಕಾಲಿಟ್ಟ. ಒಂದು ಮೊಳವೂ ಅಗಲವಿಲ್ಲದ ಜಾಗ, ಹಿಡಿದುಕೊಳ್ಳಲು ಏನೂ ಇಲ್ಲ, ಸುತ್ತ ಆಕಾಶ. ಮಾರನೆಯ ಸಲ ಮತ್ತೆ ಹತ್ತಿದ, ಅದರ ಮಾರನೆಯ ಸಲವೂ. ತಲೆಸುತ್ತು ಪೂರ್ತಿ ನಿಲ್ಲುವವರೆಗೆ ಹತ್ತುತ್ತಲೇ ಇದ್ದ. ಮುಂದೆ ಬೆಟ್ಟಗುಡ್ಡ ಅಲೆಯುವಾಗಲೂ, ಕಟ್ಟುತ್ತಿದ್ದ ಕಟ್ಟಡಗಳ ತೆರೆದ ತೊಲೆಗಳ ಮೇಲೆ ಬಡಗಿಗಳ ಜೊತೆ ಪೈಪೋಟಿಗೆ ಓಡುವಾಗಲೂ ಆ ಅಭ್ಯಾಸ ಕೈಹಿಡಿಯಿತು ಎಂದು ಮುಪ್ಪಿನಲ್ಲಿ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.